ಫ್ರಿಜ್ಜಿನಲ್ಲಿಟ್ಟ ಪೆಪ್ಟೈಡ್ ಸೀಸೆ ಅಮ್ಮನಿಗೆ ಕೊಡಬಹುದಾ ಡಾಕ್ಟ್ರೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ಡಾಕ್ಟ್ರೇ, ನಮಸ್ಕಾರ. ನಮ್ಮ ಅಮ್ಮನಿಗೆ ಈಗ 68. ಒಂದು ವರ್ಷದಿಂದ ಮರೆವು ಜಾಸ್ತಿಯಾಗಿದೆ. ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾರೆ. ಕೊಟ್ಟಿಗೆಗೆ ಹೋದವರು ಎಂತಕ್ಕೆ ಬಂದೆ ಅಂತ ನಿಂತುಬಿಡ್ತಾರೆ. ಕೇಳಿದ್ದನ್ನೇ ಮತ್ತೆ ಕೇಳ್ತಾರೆ. ಹನ್ನೊಂದು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದಾರೆ, ಬಿಪಿಗೂ ಒಂದು ಮಾತ್ರೆ ಇದೆ. ನಮ್ಮದು ಸಸ್ಯಾಹಾರಿ ಮನೆ. ಬೆಂಗಳೂರಲ್ಲಿರುವ ತಮ್ಮ ಆನ್‌ಲೈನಲ್ಲಿ ಎರಡು ಸೀಸೆ ತರಿಸಿ ಕೊರಿಯರ್ ಮಾಡಿದ್ದಾನೆ. ಒಂದು ಸೆಮ್ಯಾಕ್ಸ್, ಮೂಗಿಗೆ ಹಾಕೋದಂತೆ. ಇನ್ನೊಂದು ಡೈಹೆಕ್ಸಾ ಅಂತ, ಬಿಳಿ ಪುಡಿ. "ರಷ್ಯಾದಲ್ಲಿ ಡಾಕ್ಟರೇ ಬರೆದುಕೊಡ್ತಾರೆ, ಪೆಪ್ಟೈಡ್ ಅಂದ್ರೆ ಪ್ರೋಟೀನ್ ತುಂಡು ಅಷ್ಟೆ, ಸೈಡ್ ಎಫೆಕ್ಟ್ ಇಲ್ಲ" ಅಂತಾನೆ. ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಪಕ್ಕ ಇಟ್ಟಿದೀನಿ. ಕೊಡಬಹುದಾ?

ಉತ್ತರ: ನರರೋಗ ವೈದ್ಯೆ, ಶಿವಮೊಗ್ಗ

ಕೊಡಬೇಡಿ. ಎರಡೂ ಬೇಡ. ಮೊದಲು ಆ ಸೀಸೆಗಳ ಲೇಬಲ್ ಕಾಣುವ ಹಾಗೆ ಒಂದು ಫೋಟೋ ಹಾಕಿ. ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.

ಫೋಟೋ ನೋಡಿದ ಮೇಲೆ ಬರೆಯುತ್ತಿದ್ದೇನೆ. ಹೆಬ್ಬೆರಳಿನಷ್ಟು ಗಾಜಿನ ಸೀಸೆ, ನೀಲಿ ಮುಚ್ಚಳ, ಹೆಸರು, ಮಿಲಿಗ್ರಾಂ ಲೆಕ್ಕ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇದೆ, ಅದರ ಅರ್ಥ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ" ಎಂದು. ತಯಾರಿಸಿದವರ ವಿಳಾಸ ಇಲ್ಲ. ಲೈಸೆನ್ಸ್ ನಂಬರ್ ಇಲ್ಲ. ಬ್ಯಾಚ್ ನಂಬರ್ ಇಲ್ಲ. ನಿಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಹತ್ತು ರೂಪಾಯಿ ಜ್ವರದ ಮಾತ್ರೆಯ ಪಟ್ಟಿಯ ಮೇಲೆ ಈ ಮೂರೂ ಇರುತ್ತವೆ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರನ್ನು ಕೇಳಬೇಕು, ಯಾವ ಬ್ಯಾಚ್ ವಾಪಸ್ ತರಿಸಬೇಕು ಎಂದು ಗೊತ್ತಾಗುವುದೇ ಆ ನಂಬರುಗಳಿಂದ.

ನಿಮ್ಮ ತಮ್ಮ ಹೇಳಿದ್ದರಲ್ಲಿ ಒಂದು ಭಾಗ ನಿಜ. ಅವರನ್ನು ಬೈಯಬೇಡಿ. ದೂರದಲ್ಲಿದ್ದುಕೊಂಡು ಅಮ್ಮನಿಗೆ ಏನಾದರೂ ಮಾಡಬೇಕು ಎಂಬ ಸಂಕಟ ಎಂಥದ್ದು ಎಂದು ಓಪಿಡಿಯಲ್ಲಿ ದಿನಾ ನೋಡುತ್ತೇನೆ.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿದ ಸಣ್ಣ ಸರ. ಇನ್ಸುಲಿನ್ನಿನಲ್ಲಿ 51 ಇವೆ, ಸೆಮ್ಯಾಕ್ಸ್‌ನಲ್ಲಿ ಏಳೇ ಏಳು. ಅದರ ಕಥೆ ಶುರುವಾಗುವುದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ. 1960ರ ದಶಕದಲ್ಲಿ ಡೇವಿಡ್ ಡಿ ವೀಡ್ ಎಂಬ ವಿಜ್ಞಾನಿ, ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್ ಎಂಬ ಹಾರ್ಮೋನಿನ ಒಂದು ಸಣ್ಣ ತುಂಡು ಇಲಿಗಳ ಕಲಿಕೆಯ ಮೇಲೆ ಪರಿಣಾಮ ಮಾಡುತ್ತದೆ ಎಂದು ತೋರಿಸಿದರು. ಹಾರ್ಮೋನಿನ ಕೆಲಸ ಮಾಡದ ತುಂಡು, ಆದರೆ ಮಿದುಳಿನಲ್ಲಿ ಮಾತ್ರ ಏನೋ ಮಾಡುವ ತುಂಡು. ಆದರೆ ಅದು ಮೈಯಲ್ಲಿ ನಿಲ್ಲುತ್ತಿರಲಿಲ್ಲ, ಕಿಣ್ವಗಳು ಕ್ಷಣದಲ್ಲಿ ಕತ್ತರಿಸಿಬಿಡುತ್ತಿದ್ದವು. ಮುಂದೆ ಮಾಸ್ಕೋದವರು ಆ ಹಾರ್ಮೋನಿನ ನಾಲ್ಕು ಅಮೈನೋ ಆಮ್ಲ ಇಟ್ಟುಕೊಂಡು, ಹಿಂದೆ ಪ್ರೋಲಿನ್, ಗ್ಲೈಸಿನ್, ಪ್ರೋಲಿನ್ ಎಂಬ ಮೂರರ ಬಾಲ ಕಟ್ಟಿದರು. ಬಾಲ ಇರುವುದು ಕಿಣ್ವಗಳ ಕೈಗೆ ಬೇಗ ಸಿಗದಿರಲಿ ಎಂದು. ಜಾಣತನದ ಕೆಲಸ ಅದು, ನನಗೆ ಈಗಲೂ ಮೆಚ್ಚುಗೆ. ರಷ್ಯಾದಲ್ಲಿ ಪಾರ್ಶ್ವವಾಯು ರೋಗಿಗಳಿಗೆ ಬಳಸುತ್ತಾರೆ, 2011ರಲ್ಲಿ ಅಲ್ಲಿನ ಅಗತ್ಯ ಔಷಧಗಳ ಪಟ್ಟಿಗೂ ಸೇರಿತು. ಆದರೆ ಅದರ ಮೇಲಿನ ಅಧ್ಯಯನಗಳು ಹೆಚ್ಚಿನವು ಅಲ್ಲಿಯವೇ, ಸಣ್ಣ ಸಣ್ಣವು. ನಿಮ್ಮ ಅಮ್ಮನ ಥರ ವಯಸ್ಸಾಗಿ, ನಿಧಾನವಾಗಿ ಮರೆವು ಬಂದವರ ಮೇಲೆ ದೊಡ್ಡ ಪ್ರಮಾಣದ, ಯಾರಿಗೆ ಔಷಧ ಯಾರಿಗೆ ಬರೀ ನೀರು ಎಂದು ಯಾರಿಗೂ ಗೊತ್ತಿಲ್ಲದಂತೆ ನಡೆಸಿದ ಪರೀಕ್ಷೆ ಅದರ ಹಿಂದೆ ಇಲ್ಲ. ಭಾರತದಲ್ಲಿ ಅದಕ್ಕೆ ಔಷಧವಾಗಿ ಅನುಮತಿ ಇಲ್ಲ. ಇನ್ನೊಂದು ಮಾತು: ರಷ್ಯಾದ ಔಷಧದಂಗಡಿಯ ಸೆಮ್ಯಾಕ್ಸ್ ಬೇರೆ, ನಿಮ್ಮ ಫ್ರಿಜ್ಜಿನಲ್ಲಿರುವ ಸೀಸೆ ಬೇರೆ. ಲೇಬಲ್ ಮೇಲೆ ಅದೇ ಹೆಸರಿದೆ ಎಂಬುದಷ್ಟೇ ನಮಗೆ ಗೊತ್ತಿರುವುದು.

ಡೈಹೆಕ್ಸಾ ವಿಷಯಕ್ಕೆ ನನಗೆ ನಿಜಕ್ಕೂ ಭಯ ಆಯಿತು. ಅದು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಆಂಜಿಯೊಟೆನ್ಸಿನ್ ಎಂಬ ಬಿಪಿ ಸಂಬಂಧದ ಪೆಪ್ಟೈಡಿನಿಂದ ಹುಟ್ಟಿದ್ದು. ಇಲಿಗಳಲ್ಲಿ ನರಕೋಶಗಳ ನಡುವೆ ಹೊಸ ಕೊಂಡಿ ಬೆಳೆಸುತ್ತದೆ ಎಂದು ವರದಿಯಾಗಿತ್ತು. ಆ ಬಳಗದ ಸಂಶೋಧನಾ ಚಿತ್ರಗಳನ್ನು ತಿದ್ದಲಾಗಿತ್ತು ಎಂಬುದು 2021ರಲ್ಲಿ ಹೊರಬಂತು, ಅದನ್ನು ಮುಂದುವರಿಸುತ್ತಿದ್ದ ಕಂಪನಿಯ ಮುಖ್ಯಸ್ಥರು ಹುದ್ದೆ ಬಿಟ್ಟರು. ಅದೇ ವಂಶದ ಫಾಸ್ಗೊನಿಮೆಟನ್ ಎಂಬ ಔಷಧವನ್ನು ಅಲ್ಜೈಮರ್ ರೋಗಿಗಳ ಮೇಲೆ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದಾಗ 2024ರ ಸೆಪ್ಟೆಂಬರ್‌ನಲ್ಲಿ ಬಂದ ಫಲಿತಾಂಶ, ಗುರಿ ಮುಟ್ಟಲಿಲ್ಲ ಎಂಬುದು. ಇದೆಲ್ಲದರ ಮೇಲೆ, ಡೈಹೆಕ್ಸಾ ಚುರುಕುಗೊಳಿಸುತ್ತದೆ ಎನ್ನುವ ಸಿ-ಮೆಟ್ ಎಂಬ ದಾರಿಯನ್ನು ಹಲವು ಕ್ಯಾನ್ಸರ್ ಗಡ್ಡೆಗಳೂ ಬೆಳೆಯಲು ಬಳಸಿಕೊಳ್ಳುತ್ತವೆ. ವರ್ಷಗಟ್ಟಲೆ ತೆಗೆದುಕೊಂಡ ಮನುಷ್ಯರಿಗೆ ಏನಾಗುತ್ತದೆ ಎಂಬುದಕ್ಕೆ ದಾಖಲೆ ಇಲ್ಲ. ಆ ದಾಖಲೆ ಬರೆಯುವ ಕೆಲಸ ನಿಮ್ಮ ಅಮ್ಮನ ಮೈಮೇಲೆ ಆಗುವುದು ಬೇಡ.

ಈಗ ನಿಜವಾದ ಕೆಲಸಕ್ಕೆ ಬರೋಣ. ಹನ್ನೊಂದು ವರ್ಷ ಮೆಟ್‌ಫಾರ್ಮಿನ್, ಸಸ್ಯಾಹಾರ, ಮರೆವು. ಈ ಮೂರು ಒಟ್ಟಿಗೆ ಕೇಳಿದ ಕೂಡಲೇ ನನ್ನ ಕೈ ಚೀಟಿಯ ಮೇಲೆ ಬಿ12 ಎಂದು ಬರೆಯುತ್ತದೆ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಆದರೆ ಬಹಳ ವರ್ಷ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ. ಬಿ12, ಥೈರಾಯ್ಡ್, ಮೂರು ತಿಂಗಳ ಸರಾಸರಿ ಶುಗರ್, ಸೋಡಿಯಂ, ಕಿಡ್ನಿ ಪರೀಕ್ಷೆ ಮಾಡಿಸಿ. ಹಾಗೇ ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನೂ, ನೆಗಡಿಗೆ, ನಿದ್ದೆಗೆ, ಗ್ಯಾಸ್‌ಗೆ ಅಂತ ಅಂಗಡಿಯಿಂದ ತಂದಿದ್ದನ್ನೂ ಸೇರಿಸಿ, ಒಂದು ಕೈಚೀಲಕ್ಕೆ ಹಾಕಿಕೊಂಡು ಬನ್ನಿ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್, ಇವು ವಯಸ್ಸಾದವರ ನೆನಪನ್ನು ಮಸುಕು ಮಾಡುತ್ತವೆ. ಅಮ್ಮನ ಜೊತೆ ಮಾತಾಡುವಾಗ ನೀವು ದನಿ ಎತ್ತಬೇಕಾಗುತ್ತದಾ? ಹೌದಾದರೆ ಕಿವಿಯ ಪರೀಕ್ಷೆಯೂ ಆಗಲಿ.

ಪ್ರಶ್ನೆ: ಫಾರ್ಮಸಿ ಓದುತ್ತಿರುವ ಸಾಗರದ ವಿದ್ಯಾರ್ಥಿನಿ

ಮೇಡಂ, ಕ್ಲಾಸಿನಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆ ಬಗ್ಗೆ ಓದಿದ್ದೇವೆ. ಇಲಿಯಲ್ಲಿ, ಮಂಗದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವ ಪೆಪ್ಟೈಡ್ ಮನುಷ್ಯರಲ್ಲಿ ಯಾಕೆ ಸೋಲುತ್ತದೆ? ತಡೆಯೊಂದೇ ಕಾರಣವಾ?

ಉತ್ತರ: ನರರೋಗ ವೈದ್ಯೆ

ಒಳ್ಳೇ ಪ್ರಶ್ನೆ ಕೇಳಿದೆಯಮ್ಮ. ಇದಕ್ಕೆ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ.

ಆ ತಡೆಯನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳುವುದಾದರೆ ನಮ್ಮ ಆಗುಂಬೆ ಘಾಟಿ ನೆನಪಿಸಿಕೊಳ್ಳಿ. ಆ ತಿರುವುಗಳಲ್ಲಿ ದೊಡ್ಡ ಬಸ್, ಲಾರಿ ಬಿಡುವುದಿಲ್ಲ, ಮಿನಿ ಬಸ್ ಇಳಿಯುತ್ತದೆ. ಮಿದುಳಿನ ರಕ್ತನಾಳಗಳ ಗೋಡೆಯೂ ಹಾಗೆ, ಸಣ್ಣ ಗಾತ್ರದ, ಕೊಬ್ಬಿನಲ್ಲಿ ಕರಗುವ ಅಣುಗಳಿಗೆ ದಾರಿ ಇದೆ. ನೀರಿನಲ್ಲಿ ಕರಗುವ, ಮೈತುಂಬ ವಿದ್ಯುದಂಶ ಹೊತ್ತ ಪೆಪ್ಟೈಡಿಗೆ ಬಹುಪಾಲು ಇಲ್ಲ. ಮಾತ್ರೆಯಾಗಿ ನುಂಗಿದರೆ ಸಾಮಾನ್ಯವಾಗಿ ಘಾಟಿಯವರೆಗೂ ಬರುವುದಿಲ್ಲ, ಬಹುಪಾಲು ಹೊಟ್ಟೆಯಲ್ಲೇ ತೊಗರಿಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗುತ್ತದೆ. ಮೂಗಿಗೆ ಹಾಕಿದರೆ ಮೇಲ್ಭಾಗದ ವಾಸನೆಯ ನರದ ಪಕ್ಕದಿಂದ ಸ್ವಲ್ಪ ಒಳಹೋಗಬಹುದು, ಉಳಿದಿದ್ದು ಗಂಟಲಿಗೆ ಇಳಿಯುತ್ತದೆ. ಶಂಖದ ಹುಳುವಿನ ವಿಷವನ್ನು ಆಧರಿಸಿದ ಜೈಕೊನೊಟೈಡ್ ಎಂಬ 25 ಅಮೈನೋ ಆಮ್ಲದ ಪೆಪ್ಟೈಡ್ ಇದೆ, ತೀವ್ರ ನೋವಿಗೆ ಕೊಡುತ್ತಾರೆ, ಅಮೆರಿಕದಲ್ಲಿ 2004ರಲ್ಲೇ ಅನುಮತಿ ಸಿಕ್ಕಿತು. ಅದನ್ನು ಬೆನ್ನುಹುರಿಯ ದ್ರವಕ್ಕೇ ಪಂಪ್ ಮೂಲಕ ಬಿಡಬೇಕು. ಬೇರೆ ದಾರಿ ಇಲ್ಲ ಅದಕ್ಕೆ.

ಆದರೆ ತಡೆಯೊಂದೇ ಕಾರಣವಲ್ಲ. ನೆರಿನೆಟೈಡ್ ಕಥೆ ಕೇಳು.

ಪಾರ್ಶ್ವವಾಯು ಆದಾಗ ರಕ್ತ ಸಿಗದ ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಮಿತಿಮೀರಿ ಸುರಿಯುತ್ತವೆ, ಅಕ್ಕಪಕ್ಕದ ಕೋಶಗಳೂ ಸಾಯುತ್ತವೆ. ಈ ಸಾವಿನ ಸಂದೇಶ ದಾಟಿಸುವ ಪಿಎಸ್‌ಡಿ-95 ಎಂಬ ಪ್ರೋಟೀನಿನ ಕೊಂಡಿ ಬಿಡಿಸಲು ಕೆನಡಾದವರು 20 ಅಮೈನೋ ಆಮ್ಲದ ಪೆಪ್ಟೈಡ್ ಮಾಡಿದರು. ಅದರ ಒಂದು ತುದಿಗೆ ಎಚ್‌ಐವಿ ವೈರಸ್ಸಿನ ಟ್ಯಾಟ್ ಪ್ರೋಟೀನಿನ ಸಣ್ಣ ತುಣುಕು ಜೋಡಿಸಿದರು. ಗಾಬರಿ ಬೇಡ, ಆ ತುಣುಕಿನಿಂದ ರೋಗ ಬರುವುದಿಲ್ಲ. ಕೋಶದ ಪೊರೆ ದಾಟುವುದು ಅದಕ್ಕೆ ಬರುತ್ತದೆ, ಆ ವಿದ್ಯೆಯನ್ನಷ್ಟೇ ಕಡ ತಂದರು. ಅಂದರೆ ತಡೆ ದಾಟುವ ಪ್ರಶ್ನೆಗೆ ಉತ್ತರ ಕಂಡುಕೊಂಡೇ ಹೊರಟವರು. 2012ರಲ್ಲಿ ಕೋತಿಗಳ ಮೇಲಿನ ಫಲಿತಾಂಶ ನೇಚರ್ ಪತ್ರಿಕೆಯಲ್ಲಿ ಬಂತು. ಮಿದುಳಿನ ಹಾನಿ ಕಡಿಮೆಯಾಗಿತ್ತು. ನಾನು ಆಗ ರೆಸಿಡೆಂಟ್. ವಾರ್ಡಿನ ಡ್ಯೂಟಿ ರೂಮಿನಲ್ಲಿ ನಾವು ನಾಲ್ಕು ಜನ ಒಂದೇ ಪ್ರಿಂಟ್ ಹಿಡಿದುಕೊಂಡು ಓದಿದ್ದು ನೆನಪಿದೆ. ನಮ್ಮ ಕಾಲದಲ್ಲೇ ಇದು ಬಂದೇ ಬರುತ್ತದೆ ಎಂದುಕೊಂಡಿದ್ದೆವು.

ನಂತರ 1,105 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು, 2020ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತೊಂಬತ್ತು ದಿನದ ಹೊತ್ತಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸ್ಥಿತಿಗೆ ಬಂದವರು ಪೆಪ್ಟೈಡ್ ಪಡೆದವರಲ್ಲಿ ಶೇ 61.4, ಪಡೆಯದವರಲ್ಲಿ ಶೇ 59.2. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಯಾಕೆ ಹೀಗಾಯಿತು ಎಂದು ಕೆದಕಿದಾಗ ಒಂದು ಸಂಗತಿ ಸಿಕ್ಕಿತು. ಆ ರೋಗಿಗಳಲ್ಲಿ ಅನೇಕರಿಗೆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಇಂಜೆಕ್ಷನ್ ಕೂಡ ಕೊಟ್ಟಿದ್ದರು. ಆಲ್ಟಿಪ್ಲೇಸ್ ಮೈಯಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಪ್ಲಾಸ್ಮಿನ್ ಹೆಪ್ಪನ್ನೂ ಕತ್ತರಿಸಿತು, ನೆರಿನೆಟೈಡನ್ನೂ ಕತ್ತರಿಸಿತು. ಜೀವ ಉಳಿಸುವ ಒಂದು ಔಷಧವೇ ಇನ್ನೊಂದನ್ನು ತಿಂದುಹಾಕಿತ್ತು. ಆಲ್ಟಿಪ್ಲೇಸ್ ಪಡೆಯದವರನ್ನು ಮಾತ್ರ ಬೇರೆ ಮಾಡಿ ನೋಡಿದರೆ ಪೆಪ್ಟೈಡಿನಿಂದ ಪ್ರಯೋಜನ ಆದಂತೆ ಕಂಡಿತು. ಹಾಗಾದರೆ ಅಂಥವರನ್ನಷ್ಟೇ ಸೇರಿಸಿ ಮತ್ತೊಂದು ಪರೀಕ್ಷೆ ಮಾಡೋಣ ಎಂದು ಮಾಡಿದರು. ಅದರಲ್ಲೂ ಪ್ರಯೋಜನ ಕಾಣಲಿಲ್ಲ.

ಈ ಎರಡನೇ ಪರೀಕ್ಷೆಯನ್ನು ನೀನು ಮರೆಯಬಾರದು. ಮೊದಲ ಪರೀಕ್ಷೆಯ ಒಂದು ಮೂಲೆಯಲ್ಲಿ ಕಂಡ ಆಸೆಯನ್ನು ಹಿಡಿದುಕೊಂಡು ಮಾರಾಟಕ್ಕೆ ಹೊರಟಿದ್ದರೆ ಇವತ್ತು ಅದು ಕೂಡ ಯಾವುದೋ ಸೀಸೆಯಲ್ಲಿ ತೀರ್ಥಹಳ್ಳಿಗೆ ಬಂದಿರುತ್ತಿತ್ತು.

ಉಳಿದವನ್ನು ಬೇಗ ಹೇಳುತ್ತೇನೆ. ಎಂಟು ಅಮೈನೋ ಆಮ್ಲದ ಡಾವುನೆಟೈಡನ್ನು ಪಿಎಸ್‌ಪಿ ಎಂಬ ಕಾಯಿಲೆಯವರಿಗೆ, ಅಂದರೆ ಪದೇಪದೇ ಹಿಂದಕ್ಕೆ ಬೀಳುವ, ಕಣ್ಣು ಕೆಳಗೆ ಹೊರಳಿಸಲಾಗದ ರೋಗಿಗಳಿಗೆ, ಮೂಗಿನ ಮೂಲಕ ಒಂದು ವರ್ಷ ಕೊಟ್ಟರು. 2014ರಲ್ಲಿ ಫಲಿತಾಂಶ ಬಂತು, ಏನೂ ಆಗಲಿಲ್ಲ. ಅಲ್ಜೈಮರ್‌ಗೆ ಮೂಗಿನ ಇನ್ಸುಲಿನ್, 289 ಜನ, 2020, ಅದೂ ಇಲ್ಲ. ಆಟಿಸಂ ಇರುವ ಮಕ್ಕಳಿಗೆ ಮೂಗಿನ ಆಕ್ಸಿಟೋಸಿನ್, 2021, ನೀರಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯದನ್ನು ಓದಿದ ದಿನ ನನ್ನ ಹತ್ತಿರ ಬರುತ್ತಿದ್ದ ಇಬ್ಬರು ತಾಯಂದಿರ ಮುಖ ಕಣ್ಣ ಮುಂದೆ ಬಂದಿತ್ತು.

ಇತ್ತೀಚಿನದು ಸೆಮಾಗ್ಲುಟೈಡ್. ಶುಗರ್‌ಗೆ, ತೂಕ ಇಳಿಸಲು ಬಳಸುವ ಈ ಪೆಪ್ಟೈಡ್ ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಇದು ಅನುಕರಿಸುವ, ಮೈಯಲ್ಲಿ ಸಹಜವಾಗಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನು ಒಂದೆರಡು ನಿಮಿಷದಲ್ಲಿ ಮಾಯವಾಗುತ್ತದೆ. ಎರಡು ಅಮೈನೋ ಆಮ್ಲ ಬದಲಿಸಿ, ಕೊಬ್ಬಿನ ಬಾಲ ಕಟ್ಟಿ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವಂತೆ ಮಾಡಿದ್ದರಿಂದ ಇದರ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು ಒಂದು ವಾರ. ಪೆಪ್ಟೈಡ್ ವಿನ್ಯಾಸ ಎಷ್ಟು ದೂರ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದನ್ನು ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಮರೆವಿನ ಕಾಯಿಲೆ ಕಡಿಮೆ ಎಂದು ಆಸ್ಪತ್ರೆ ದಾಖಲೆಗಳು ತೋರಿಸುತ್ತಿದ್ದವು. 3,808 ಅಲ್ಜೈಮರ್ ರೋಗಿಗಳ ಮೇಲೆ ಎರಡು ವರ್ಷ ಮಾತ್ರೆಯ ರೂಪದಲ್ಲಿ ಕೊಟ್ಟು ನೋಡಿದರು. 2025ರ ನವೆಂಬರ್‌ನಲ್ಲಿ ಕಂಪನಿಯೇ ಪ್ರಕಟಿಸಿತು: ಕಾಯಿಲೆಗೆ ಸಂಬಂಧಿಸಿದ ಕೆಲವು ಜೈವಿಕ ಸೂಚಕಗಳು ಸುಧಾರಿಸಿದವು, ಕಾಯಿಲೆ ಮುಂದುವರಿಯುವುದು ನಿಧಾನವಾಗಲಿಲ್ಲ. ಸೂಚಕ ಸುಧಾರಿಸುವುದು ಬೇರೆ, ಅಜ್ಜಿಗೆ ಮೊಮ್ಮಗನ ಹೆಸರು ನೆನಪಿರುವುದು ಬೇರೆ.

ಪ್ರಶ್ನೆ: ಹೊಸನಗರದ ಗೃಹಿಣಿ

ನಮ್ಮ ಮಾವನಿಗೆ ಹೋದ ವರ್ಷ ಸ್ಟ್ರೋಕ್ ಆದಾಗ ಆಸ್ಪತ್ರೆಯಲ್ಲಿ ಹತ್ತು ದಿನ ಸೆರೆಬ್ರೋಲೈಸಿನ್ ಅಂತ ಡ್ರಿಪ್ ಹಾಕಿದ್ರು. ಅದೂ ಪೆಪ್ಟೈಡೇ ಅಂತ ಈಗ ಗೊತ್ತಾಯ್ತು. ಹಾಗಾದ್ರೆ ಅದೂ ತಪ್ಪಾ? ಇನ್ನೊಂದು, ನಾವು ಚಿಕ್ಕವರಿದ್ದಾಗಿಂದ ಒಂದೆಲಗದ ತಂಬುಳಿ ಮಾಡ್ತೀವಿ, ನೆನಪಿನ ಶಕ್ತಿಗೆ ಒಳ್ಳೇದು ಅಂತ. ಅದನ್ನಾದ್ರೂ ಮಾಡಬಹುದಲ್ಲ?

ಉತ್ತರ: ನರರೋಗ ವೈದ್ಯೆ

ಅಕ್ಕಾ, ತಂಬುಳಿ ಧಾರಾಳವಾಗಿ ಮಾಡಿ. ಒಂದೆಲಗ, ಕಾಯಿ, ಜೀರಿಗೆ, ಮಜ್ಜಿಗೆ, ಊಟಕ್ಕೆ ಅದಕ್ಕಿಂತ ಹಿತವಾದದ್ದು ಯಾವುದಿದೆ? ನಮ್ಮ ಮನೆಯಲ್ಲೂ ವಾರಕ್ಕೆ ಎರಡು ಸಲ ಇರುತ್ತದೆ. ಬ್ರಾಹ್ಮಿ ಎಂಬ ಹೆಸರಿನಲ್ಲಿ ಒಂದೆಲಗ ಮತ್ತು ನೀರುಬ್ರಾಹ್ಮಿ ಎರಡೂ ಓಡಾಡುತ್ತವೆ, ಎರಡೂ ಬೇರೆ ಗಿಡ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕೆಲಸ ಮಾಡಿದ್ದು ನೀರುಬ್ರಾಹ್ಮಿಯ ಸಾರದ ಮೇಲೆ. ಮರೆವಿನ ಕಾಯಿಲೆಗೆ ತಂಬುಳಿಯೇ ಚಿಕಿತ್ಸೆ ಎಂದು ಮಾತ್ರ ಕೂರಬೇಡಿ.

ಸೆರೆಬ್ರೋಲೈಸಿನ್ ಸಿಂಥೆಟಿಕ್ ಅಲ್ಲ. ಹಂದಿಯ ಮಿದುಳಿನ ಪ್ರೋಟೀನನ್ನು ಕಿಣ್ವಗಳಿಂದ ಒಡೆದು, ಶುದ್ಧಮಾಡಿ ತಯಾರಿಸುವ ಪೆಪ್ಟೈಡ್ ಮತ್ತು ಅಮೈನೋ ಆಮ್ಲಗಳ ಮಿಶ್ರಣ, ಆಸ್ಟ್ರಿಯಾದ ಕಂಪನಿಯದ್ದು. ಇದನ್ನು ಓದಿ ನಿಮಗೆ ಒಂದು ಥರ ಆಗಬಹುದು ಎಂದು ಗೊತ್ತು. ಆದರೂ ಹೇಳುತ್ತೇನೆ, ಯಾಕೆಂದರೆ ಡ್ರಿಪ್ ಹಾಕುವ ಮೊದಲು ಮನೆಯವರಿಗೆ ಇದನ್ನು ಹೇಳಬೇಕು, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ನಾನು ಬರೆಯುವುದಿಲ್ಲ. ಸ್ಟ್ರೋಕ್ ಆದ ಹೊಸದರಲ್ಲಿ ಕೊಟ್ಟ ಪರೀಕ್ಷೆಗಳನ್ನೆಲ್ಲ ಒಟ್ಟುಮಾಡಿ ನೋಡಿದ ಕಾಕ್ರೇನ್ ವಿಮರ್ಶೆ, ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಗಂಭೀರ ಅಡ್ಡಪರಿಣಾಮ ಸ್ವಲ್ಪ ಹೆಚ್ಚಿರಬಹುದು ಎಂದಿದೆ. ಕೊಟ್ಟ ಡಾಕ್ಟರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅನುಮತಿ ಇರುವ ಔಷಧ, ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ, ಪ್ರಯೋಜನ ಕಂಡ ಕೆಲವು ಅಧ್ಯಯನಗಳೂ ಇವೆ. ಮಾವನವರಿಗೆ ಈಗ ಬೇಕಾದದ್ದು ಬಿಪಿ ಹತೋಟಿ, ರಕ್ತ ತೆಳುವಾಗುವ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಮತ್ತು ಫಿಸಿಯೋಥೆರಪಿ. ಫಿಸಿಯೋ ಮಾಡಿಸುತ್ತಿದ್ದೀರಾ?

ಪ್ರತಿಕ್ರಿಯೆ: ಬೆಂಗಳೂರಿನ ಲ್ಯಾಬಿನಲ್ಲಿ ಪೆಪ್ಟೈಡ್ ತಯಾರಿಸುವ ರಸಾಯನಶಾಸ್ತ್ರಜ್ಞ, ಊರು ಕೊಪ್ಪ

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನಾನೊಂದು ಮಾತು ಸೇರಿಸಲಾ? ದಿನಾ ಇದೇ ಕೆಲಸ ನನ್ನದು.

ಈ ಸೀಸೆಗಳ ಜೊತೆ ಶೇ 98 ಶುದ್ಧ ಅಂತ ಒಂದು ಕಾಗದ ಬರುತ್ತದೆ. ಆ 98 ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ. ನಾವು ಪೆಪ್ಟೈಡ್ ಕಟ್ಟುವುದು ಮೆರಿಫೀಲ್ಡ್ 1963ರಲ್ಲಿ ತೋರಿಸಿದ ದಾರಿಯಲ್ಲೇ, ಅದಕ್ಕೆ ಅವರಿಗೆ 1984ರಲ್ಲಿ ನೊಬೆಲ್ ಬಂತು. ರವೆಯಂಥ ಸಣ್ಣ ರೆಸಿನ್ ಮಣಿಗಳನ್ನು ದ್ರಾವಕದಲ್ಲಿ ನೆನೆಹಾಕುತ್ತೇವೆ, ಸಾಬಕ್ಕಿ ಥರ ಉಬ್ಬುತ್ತವೆ. ಅದರ ಮೇಲೆ ಮೊದಲ ಅಮೈನೋ ಆಮ್ಲ ಕೂರಿಸಿ, ತೊಳೆದು, ಮುಂದಿನದನ್ನು ಜೋಡಿಸಿ, ಮತ್ತೆ ತೊಳೆದು, ಹೀಗೇ ಮುಗಿಯುವವರೆಗೆ. ಕೊನೆಗೆ ಟ್ರೈಫ್ಲೋರೊ ಅಸಿಟಿಕ್ ಆಮ್ಲ ಹಾಕಿ ಮಣಿಯಿಂದ ಬಿಡಿಸುತ್ತೇವೆ. ತಣ್ಣನೆ ಈಥರ್‌ಗೆ ಸುರಿದ ಕೂಡಲೇ ಬಿಳಿಯಾಗಿ ಹೆಪ್ಪುಗಟ್ಟಿ ತಳಕ್ಕೆ ಕೂರುತ್ತದೆ. ಒಂದೇ ಒಂದು ಜೋಡಣೆ ತಪ್ಪಿದರೂ ಏಳರ ಬದಲು ಆರರ ಸರ ಆಗುತ್ತದೆ. ಕಣ್ಣಿಗೆ ಎರಡೂ ಅದೇ ಬಿಳಿ ಪುಡಿ. ಅದಕ್ಕೇ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಹಾಯಿಸಿ ಶುದ್ಧತೆ ನೋಡುತ್ತೇವೆ.

ಆದರೆ ಆ ಯಂತ್ರ ಹೇಳುವುದು ಪೆಪ್ಟೈಡಿನ ಬಗ್ಗೆ ಮಾತ್ರ. ಬ್ಯಾಕ್ಟೀರಿಯಾ ಇದೆಯಾ, ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋಗುವ ಎಂಡೊಟಾಕ್ಸಿನ್ ಎಂಬ ವಿಷ ಇದೆಯಾ, ಅದಕ್ಕೆ ಗೊತ್ತಾಗುವುದಿಲ್ಲ. ಅವಕ್ಕೆ ಬೇರೆ ಪರೀಕ್ಷೆ, ಬೇರೆ ಥರದ ಶುದ್ಧ ಕೋಣೆ ಬೇಕು. ನಾನು ಟ್ಯೂಬಿಗೆ, ಇಲಿಯ ಪ್ರಯೋಗಕ್ಕೆ ಅಂತ ಕಳಿಸುವ ಪುಡಿಯನ್ನು ನನ್ನ ಅಮ್ಮನಿಗೆ ಯಾವತ್ತೂ ಕೊಡಲಾರೆ. ಇನ್ನು ಜೂನ್ ತಿಂಗಳ ಮಳೆಯಲ್ಲಿ ಬೆಂಗಳೂರಿಂದ ತೀರ್ಥಹಳ್ಳಿಗೆ ಕೊರಿಯರ್ ಎಷ್ಟು ದಿನ ತಗೊಂಡಿತು ಅಣ್ಣ? ದ್ರಾವಣವಾಗಿದ್ದರೆ ಅಷ್ಟರಲ್ಲೇ ಅದು ಹಾಳಾಗಲು ಶುರುವಾಗಿರುತ್ತದೆ.

ತೀರ್ಥಹಳ್ಳಿಯವರು: ಮೂರು ದಿನ ಆಯ್ತು. ಐಸ್ ಜೆಲ್ ಪ್ಯಾಕ್ ಇತ್ತು, ಬರುವಷ್ಟರಲ್ಲಿ ನೀರಾಗಿ ಬಿಸಿಯಾಗಿತ್ತು.

ಉತ್ತರ: ನರರೋಗ ವೈದ್ಯೆ

ಬ್ಯಾಕ್ಟೀರಿಯಾದ ಮಾತು ಬಂದದ್ದು ಒಳ್ಳೆಯದಾಯಿತು. ಕಳೆದ ಮಳೆಗಾಲದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು, ಮಗ ಕಳಿಸಿದ ಇಂಥದ್ದೇ ಸೀಸೆಯ ಪುಡಿಯನ್ನು ನೀರಿನಲ್ಲಿ ಕಲಸಿ ತೊಡೆಗೆ ಚುಚ್ಚಿಕೊಂಡಿದ್ದರು. ತೊಡೆ ತೆಂಗಿನಕಾಯಿಯಷ್ಟು ಊದಿತ್ತು, ಮುಟ್ಟಿದರೆ ಕೆಂಡದಂತೆ ಬಿಸಿ. ಕೊಯ್ದು ಕೀವು ತೆಗೆಯಬೇಕಾಯಿತು. ಯಾಕೆ ಸರ್ ಚುಚ್ಚಿಕೊಂಡಿರಿ ಎಂದು ಕೇಳಿದರೆ ಅವರು, "ಶಿಷ್ಯರು ರಸ್ತೆಯಲ್ಲಿ ಸಿಕ್ಕಿದಾಗ ಹೆಸರು ನೆನಪಾಗುವುದಿಲ್ಲಮ್ಮ, ಅವಮಾನ ಆಗುತ್ತದೆ" ಎಂದರು. ಅವರಿಗೆ ನಾನು ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ಕೂತು ಅವರ ನೆನಪಿನ ಪರೀಕ್ಷೆ ಮಾಡಿದೆ.

ಪ್ರಶ್ನೆ: ಹೆಸರು ಹೇಳಲು ಇಷ್ಟವಿಲ್ಲದ ವಿದ್ಯಾರ್ಥಿ

ಮ್ಯಾಮ್, ನನಗೆ 19. ಎರಡನೇ ಸಲ ನೀಟ್ ಬರೀತಿದೀನಿ. ರೂಮ್‌ಮೇಟ್ ಸೆಲ್ಯಾಂಕ್ ಅಂತ ಸ್ಪ್ರೇ ತಗೊಳ್ತಿದಾನೆ, ಟೆನ್ಶನ್ ಕಮ್ಮಿಯಾಗಿ ಫೋಕಸ್ ಬರುತ್ತಂತೆ. ನಾನು ಒಂದು ವಾರ ಟ್ರೈ ಮಾಡಿದೆ. ಏನಾದ್ರೂ ಆಗುತ್ತಾ?

ಉತ್ತರ: ನರರೋಗ ವೈದ್ಯೆ

ಧೈರ್ಯವಾಗಿ ಹೇಳಿದ್ದು ಒಳ್ಳೆಯದಾಯಿತಪ್ಪ. ಒಂದು ವಾರಕ್ಕೆ ಗಾಬರಿ ಬೇಡ, ಇವತ್ತಿಗೆ ನಿಲ್ಲಿಸು. ಮೂಗಿನಲ್ಲಿ ರಕ್ತ, ಜ್ವರ, ಜೋರು ತಲೆನೋವು ಬಂದರೆ ಹತ್ತಿರದ ಡಾಕ್ಟರಿಗೆ ತೋರಿಸು, ಏನು ಹಾಕಿಕೊಂಡಿದ್ದೆ ಎಂದು ಮುಚ್ಚಿಡಬೇಡ.

ಸೆಲ್ಯಾಂಕ್ ಕೂಡ ರಷ್ಯಾದ್ದೇ, ಟಫ್ಟ್‌ಸಿನ್ ಎಂಬ ಪೆಪ್ಟೈಡಿಗೆ ಅದೇ ಮೂರರ ಬಾಲ ಕಟ್ಟಿದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಸೆಮ್ಯಾಕ್ಸ್, ಸೆಲ್ಯಾಂಕ್, ಡೈಹೆಕ್ಸಾ ಮೂರನ್ನೂ ಸುರಕ್ಷತೆಯ ಆತಂಕ ಇರುವವುಗಳ ಪಟ್ಟಿಗೆ ಹಾಕಿತು. ಆರೋಗ್ಯವಾಗಿರುವ ಹತ್ತೊಂಬತ್ತರ ಹುಡುಗನ ಅಂಕ ಹೆಚ್ಚಿಸುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ನೀನು ಎಷ್ಟು ಗಂಟೆ ಮಲಗುತ್ತೀಯಾ? ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಟೆನ್ಶನ್ ತಡೆಯಲಾಗುತ್ತಿಲ್ಲ ಅನ್ನಿಸಿದರೆ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡನೇ ಸಲ ಬರೆಯುವುದು ಎಷ್ಟು ಭಾರ ಎಂದು ನನಗೆ ಗೊತ್ತು, ನಾನೂ ಎರಡನೇ ಸಲಕ್ಕೇ ಸೀಟು ಪಡೆದವಳು.

ಪ್ರಶ್ನೆ: ಭದ್ರಾವತಿಯ ನಿವೃತ್ತ ಕಾರ್ಖಾನೆ ನೌಕರ

ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಹೊಸ ಔಷಧ ಬರೋದು ಹ್ಯಾಗೆ ಡಾಕ್ಟ್ರೇ? ನಮ್ಮಂಥವರು ಸಂಶೋಧನೆಗೆ ಸೇರಿಕೊಳ್ಳಬೇಕು ಅಂದ್ರೆ ದಾರಿ ಇದೆಯಾ?

ಉತ್ತರ: ನರರೋಗ ವೈದ್ಯೆ

ಇದೆ, ಯಜಮಾನರೇ. ನಿಮ್ಮಂಥವರು ಕೇಳಬೇಕು ಎಂದೇ ನನ್ನ ಆಸೆ. ಸಂಶೋಧನೆ ಬೇಡ ಎಂದು ನಾನು ಹೇಳಿದ್ದಲ್ಲ, ಅದರಲ್ಲಿ ನನಗಿರುವ ನಂಬಿಕೆಯಿಂದಲೇ ಆ ಸೀಸೆ ಬೇಡ ಎಂದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಅಲ್ಜೈಮರ್ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ನಮ್ಮ ಮೈಯಲ್ಲೇ ಇರುವ ಮೂರು ಅಮೈನೋ ಆಮ್ಲದ ಒಂದು ಪೆಪ್ಟೈಡನ್ನು ಆಧಾರವಾಗಿಟ್ಟುಕೊಂಡು, ಮಿದುಳಿನಲ್ಲಿ ಗಂಟುಕಟ್ಟುವ ಅಮೈಲಾಯ್ಡ್ ಪ್ರೋಟೀನಿಗೆ ತಾಮ್ರ ಸೇರಿ ಆಗುವ ವಿಷವನ್ನು ತಡೆಯುವ ಅಣುವನ್ನು ಅವರು ರೂಪಿಸಿದ್ದಾರೆ. ಅದು ಇನ್ನೂ ಲ್ಯಾಬಿನ ಹಂತದ್ದು. ಅಲ್ಲಿಂದ ರೋಗಿಯವರೆಗಿನ ದಾರಿ ದೂರ, ಆದರೆ ಅದು ಹಿಡಿದಿರುವುದು ಸರಿಯಾದ ದಾರಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಮಿದುಳು ಸಂಶೋಧನಾ ಕೇಂದ್ರ ನಲವತ್ತೈದು ದಾಟಿದವರನ್ನು ವರ್ಷವರ್ಷವೂ ಪರೀಕ್ಷಿಸುತ್ತಾ ಬಂದಿದೆ, ನಮ್ಮ ಹಳ್ಳಿಯವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ತಿಳಿಯಲು. ನಮ್ಮ ಜನರ ಲೆಕ್ಕ ನಮ್ಮಲ್ಲೇ ಆಗಬೇಕಲ್ಲ.

ಔಷಧದ ಪರೀಕ್ಷೆಗೆ ಸೇರುವುದಾದರೆ, ದೇಶದಲ್ಲಿ ನಡೆಯುವ ಟ್ರಯಲ್‌ಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಬೇಕು, ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಮನೆಗೆ ತಂದು ಓದಿ, ಮಕ್ಕಳಿಗೆ ತೋರಿಸಿ, ಆಮೇಲೆ ಸಹಿ ಹಾಕಿ. ಮಧ್ಯದಲ್ಲಿ ಬೇಡ ಅನ್ನಿಸಿದರೆ ಬಿಟ್ಟುಬರಬಹುದು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಎಂದು 2019ರ ನಿಯಮಗಳಲ್ಲಿದೆ. ಯಾರಾದರೂ "ಇದು ಟ್ರಯಲ್, ಸೀಸೆಗೆ ಇಷ್ಟು ಸಾವಿರ ಕಟ್ಟಿ" ಎಂದರೆ ಎದ್ದು ಬನ್ನಿ.

ಹತ್ತು ದಿನದ ನಂತರ, ತೀರ್ಥಹಳ್ಳಿಯವರು

ಡಾಕ್ಟ್ರೇ, ರಿಪೋರ್ಟ್ ಬಂತು. ಬಿ12 142 ಇದೆ, 200ರ ಮೇಲಿರಬೇಕಿತ್ತಂತೆ. ಥೈರಾಯ್ಡ್ ಸರಿ ಇದೆ. ಎಡಗಿವಿ ಬಹಳ ಮಂದ, ಬಲಗಿವಿ ಪರವಾಗಿಲ್ಲ. ಮಾತ್ರೆ ಚೀಲದಲ್ಲಿ ನೆಗಡಿ ಮಾತ್ರೆ ನಾಲ್ಕು ಪಟ್ಟಿ ಸಿಕ್ತು, ಅಮ್ಮ ದಿನಾ ರಾತ್ರಿ ಒಂದು ತಗೊಳ್ತಿದ್ರಂತೆ, ನಿದ್ದೆ ಬರುತ್ತೆ ಅಂತ. ನಮಗೆ ಗೊತ್ತೇ ಇರಲಿಲ್ಲ ಮಾರಾಯ್ರೆ. ತಮ್ಮನಿಗೂ ಹೇಳಿದೆ, ಅವನೇ ಈ ವಾರ ರಜೆ ಹಾಕಿ ಬರ್ತಾನೆ. ಬಿ12 ಸರಿ ಮಾಡಿದ್ರೆ ಮರೆವು ಪೂರ್ತಿ ಹೋಗುತ್ತಾ? ಆ ಸೀಸೆಗಳನ್ನ ತೋಟದಲ್ಲಿ ಹೂತುಬಿಡಲಾ?

ಉತ್ತರ: ನರರೋಗ ವೈದ್ಯೆ

ಪೂರ್ತಿ ಹೋಗುತ್ತದೆ ಎಂದು ಈಗಲೇ ಹೇಳಲಾರೆ. ಕೆಲವರಲ್ಲಿ ತುಂಬಾ ಸುಧಾರಿಸುತ್ತದೆ, ಕೆಲವರಲ್ಲಿ ಸ್ವಲ್ಪ. ಬಿ12 ಕೊರತೆಯ ಜೊತೆಗೆ ಬೇರೆ ಕಾಯಿಲೆಯೂ ಶುರುವಾಗಿರಬಹುದು, ಅದು ಮೂರು ತಿಂಗಳ ನಂತರ ನೆನಪಿನ ಪರೀಕ್ಷೆ ಮತ್ತೆ ಮಾಡಿದಾಗ ಗೊತ್ತಾಗುತ್ತದೆ. ಮೊದಲು ಇಂಜೆಕ್ಷನ್ ಕೋರ್ಸ್ ಕೊಡುತ್ತೇವೆ, ನಂತರ ಮಾತ್ರೆ. ಮೆಟ್‌ಫಾರ್ಮಿನ್ ಮುಂದುವರಿಯಲಿ. ನೆಗಡಿ ಮಾತ್ರೆ ನಿಲ್ಲಿಸಿ, ಒಂದೆರಡು ರಾತ್ರಿ ನಿದ್ದೆ ಸರಿಯಾಗಿ ಬರದಿದ್ದರೆ ಹೆದರಬೇಡಿ. ಕಿವಿಯ ಯಂತ್ರದ ವಿಷಯ ಮುಂದೂಡಬೇಡಿ. ಕಿವಿ ಕೇಳದಿರುವುದು ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ನಾವು ಸರಿಮಾಡಬಹುದಾದ ಹದಿನಾಲ್ಕು ಕಾರಣಗಳಲ್ಲಿ ಒಂದು ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿದೆ. ಅಮ್ಮ ಕೇಳಿದ್ದನ್ನೇ ಕೇಳುತ್ತಿದ್ದುದರಲ್ಲಿ ಅರ್ಧ, ನಿಮ್ಮ ಉತ್ತರ ಅವರಿಗೆ ಕೇಳಿಸದೇ ಇದ್ದುದರಿಂದಲೂ ಇರಬಹುದು. ಎದುರಿಗೆ ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಿ ನೋಡಿ.

ಸೀಸೆ ತೋಟದಲ್ಲಿ ಹೂಳಬೇಡಿ, ಸಿಂಕಿಗೂ ಸುರಿಯಬೇಡಿ, ಬಾವಿಗೆ ಇಳಿಯುವ ನೀರು ಅದು. ಮುಚ್ಚಳ ತೆಗೆಯದೆ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಅಮ್ಮನನ್ನು ಕರೆತರುವ ದಿನ ತನ್ನಿ. ಬಿಸಾಡುವ ಔಷಧಕ್ಕೆ ಆಸ್ಪತ್ರೆಯಲ್ಲಿ ಹಳದಿ ಚೀಲ ಇರುತ್ತದೆ, ಅದಕ್ಕೆ ಹಾಕಿಸುತ್ತೇನೆ. ತಮ್ಮನವರೂ ಜೊತೆಗೆ ಬರಲಿ, ಅವರ ಹತ್ತಿರ ಐದು ನಿಮಿಷ ಮಾತಾಡುವುದಿದೆ.